ರಿಮ್ ಟೇಪಿನ ಕೆಳಗೆ

ಜನವರಿ 11

ಸಮಸ್ತ ಚಕ್ರಕುಲದ ಅಧಿಪತಿಗಳೂ, ಮೂವತ್ತಾರು ಕಡ್ಡಿಗಳ ಏಕಸ್ವರಕ್ಕೆ ಜೀವಂತ ಸಾಕ್ಷಿಗಳೂ, ಸೊಟ್ಟ ರಿಮ್ಮುಗಳ ಪಾಲಿನ ಸಿಂಹಸ್ವಪ್ನರೂ, ಸದ್ಯಕ್ಕೆ ಆರೈಕೆ ಮನೆಯ ಎರಡನೇ ಮಹಡಿಯಲ್ಲಿ ಏಳನೇ ನಂಬರಿನ ಮಂಚವನ್ನು ಅಲಂಕರಿಸಿರುವವರೂ ಆದ ಶ್ರೀಮದ್ ದೊಡ್ಡಪ್ಪನವರ ದಿವ್ಯ ಪಾದಗಳಿಗೆ, ಸೈಕಲ್ ಅಂಗಡಿಯ ಹಂಗಾಮಿ ನ್ಯಾಯಾಧೀಶೆಯಾದ ಕೋತಿಯು ಗ್ರೀಸು ಮೆತ್ತಿದ ಕೈಗಳಿಂದಲೇ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ವಿಜ್ಞಾಪನೆ ಏನೆಂದರೆ, ತಾವು ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿ ವ್ಯಾನು ಹತ್ತಿದ ಮೇಲಿನ ಮೂರು ವಾರಗಳಲ್ಲಿ ಹದಿನಾಲ್ಕು ಹಳೆಯ ಚಕ್ರಗಳು ಈ ಪೀಠದ ಮುಂದೆ ಹಾಜರಾಗಿವೆ. ಒಂಬತ್ತಕ್ಕೆ ಮರಣದಂಡನೆ. ನಾಲ್ಕಕ್ಕೆ ಬೆಂಡು ತೆಗೆಸಿಕೊಳ್ಳುವ ಸಾದಾ ಶಿಕ್ಷೆ. ಒಂದು ಮಾತ್ರ ಗೌರವದಿಂದ ಬಿಡುಗಡೆಯಾಯಿತು. ಅದರ ಕ್ರೋಮಿಯಂ ತುಂಬ ಸೂಜಿಮೊನೆಯಷ್ಟು ತುಕ್ಕಿನ ಚುಕ್ಕೆಗಳಿದ್ದವು, ಆದರೆ ಎಲ್ಲೂ ಸಿಪ್ಪೆ ಎದ್ದಿರಲಿಲ್ಲ. ಎತ್ತಿ ಹಿಡಿದು ಬಿಟ್ಟರೆ ವಾಲ್ವಿನ ಭಾರಕ್ಕೆ ತೂಗುಯ್ಯಾಲೆಯಾಡಿ, ಇಪ್ಪತ್ತಮೂರು ಸಲ ಓಲಾಡಿ, ಆಮೇಲೆ ನಿಂತಿತು. ಇಪ್ಪತ್ತರ ಮೇಲೆ ಹೋದರೆ ಚಕ್ರದ ನಡುವಿನ ಹಬ್ಬಿಗೆ ಕೈ ಮುಗಿ ಅಂತ ತಾವೇ ಹೇಳಿದ್ದಿರಿ, ಮುಗಿದಿದ್ದೇನೆ.

ಹಳೇ ಸೈಕಲ್ಲು ಕೂಡಿಡುವ ನಮ್ಮ ಮೀಸೆಯವರು ಒಂದು ಜೊತೆ ಚಕ್ರ ತಂದಿದ್ದರು. ಅರವತ್ತು ವರ್ಷದಿಂದ ಯಾರೂ ಕೈ ಹಚ್ಚಿಲ್ಲ ಅಂತ ಎದೆ ತಟ್ಟಿಕೊಂಡರು. ನಾನು ಹಬ್ಬಿನ ಮೇಲಿನ ಕೆತ್ತನೆ ನೋಡಿದೆ. ಅಕ್ಷರಗಳ ಅಂಚು ಕರಗಿ, ಅರ್ಧ ಸವೆದ ಸೋಪಿನ ಮೇಲಿನ ಹೆಸರಿನ ಹಾಗಿತ್ತು. ಉಜ್ಜಿ ಹೊಸ ಕ್ರೋಮಿಯಂ ಹಾಕಿಸಿದ್ದಾರೆ ಅಂದೆ. ಮುಖ ಊದಿಸಿಕೊಂಡು ಹೋದರು.

ಅವರನ್ನು ಸಮಾಧಾನ ಮಾಡಬೇಕಲ್ಲ. ಹಿಂದಿನ ಓಣಿಯಲ್ಲಿ ನೀರಿನ ಡ್ರಮ್ಮಿನ ಕೆಳಗೆ ಸಿಂಬಿಯಂತೆ ಬಿದ್ದಿದ್ದ ಒಂದು ರಿಮ್ಮನ್ನು ತೊಳೆದು ಗೋಡೆಗೆ ತೂಗುಹಾಕಿ, 'ರಾಜಪರಿವಾರದ ದಾದಿಯ ಸೈಕಲ್ಲಿನ ಮುಂಚಕ್ರ, ಮುಟ್ಟಬಾರದು' ಎಂಬ ಚೀಟಿ ಕಟ್ಟಿದೆ. ಮರುದಿನ ಬಂದವರು ಕೈ ಹಿಂದೆ ಕಟ್ಟಿಕೊಂಡು ಅದರ ಮುಂದೆ ಹತ್ತು ನಿಮಿಷ ನಿಂತಿದ್ದರು. ಟೋಪಿ ಕೂಡ ತೆಗೆದಿದ್ದರು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಾಯಿಗೆ ಚಿಂದಿ ತುರುಕಿಕೊಂಡಿದ್ದೆ.

ಇಂತಿ ತಮ್ಮ ಪಾದಧೂಳಿ,
ಕೋತಿ


ಜನವರಿ 22

ಕೋತೀ,

ಕಾಗದ ಬಂತು. ಪೀಠಿಕೆ ಓದಿ ಮುಗಿಸೋಷ್ಟರಲ್ಲಿ ಕಾಫಿ ಆರಿಹೋಯ್ತು.

ಮೀಸೆಯವರಿಗೆ ನಿಜ ಹೇಳು. ಹಳೇ ಚಕ್ರ ನೋಡೋರು ಒಂದು ಸುಳ್ಳು ಚೀಟಿ ಕಟ್ಟಿದರೆ ಮುಗೀತು, ಆಮೇಲೆ ಅವರು ಕಟ್ಟಿದ ಯಾವ ಚೀಟಿಗೂ ಬೆಲೆ ಇಲ್ಲ. ನಗೋದಕ್ಕೆ ಬೇರೆ ಏನಾದರೂ ಹುಡುಕ್ಕೋ. ಕಣ್ಣಿಗೆ ಕಂಡದ್ದು, ಬೆರಳಿಗೆ ಸಿಕ್ಕಿದ್ದು, ಅಷ್ಟೇ ಬರೀಬೇಕು.

ಓಲಾಡೋದನ್ನ ಲೆಕ್ಕ ಹಾಕಿದ್ದು ಸರಿ. ಆದರೆ ಆಕ್ಸಲ್ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿದೆಯಾ? ಕಣ್ಣು ಮುಚ್ಚಿಕೊಂಡು ಎರಡೇ ಬೆರಳಲ್ಲಿ ತಿರುಗಿಸಬೇಕು. ಮರಳು ಸಿಕ್ಕಿದ ಹಾಗೆ ಅನ್ನಿಸಿದರೆ ಒಳಗೆ ಗುಂಡು ಉರುಳೋ ಕೋನಿನಲ್ಲಿ ಗುಳಿ ಬಿದ್ದಿದೆ ಅಂತ. ಕಣ್ಣು ಬಿಟ್ಟಿದ್ದರೆ ಹೊಳಪು ನೋಡಿ ಮೋಸ ಹೋಗ್ತೀಯ.

ನನಗೆ ಆ ಮೋಸ ಇನ್ನಿಲ್ಲ. ಎರಡೂ ಕಣ್ಣಿನ ನಡುವೆ ಒಂದು ಕಪ್ಪು ಬಿಲ್ಲೆ ಕೂತಿದೆ. ಸುತ್ತಲಿನ ಅಂಚು ಕಾಣುತ್ತೆ, ನಡುವೆ ಏನೂ ಇಲ್ಲ. ರಿಮ್ ಕಾಣುತ್ತೆ, ಹಬ್ ಕಾಣಲ್ಲ ಅಂದುಕೋ. ಈ ಕಾಗದ ಬರೆಯೋಕೆ ನಾಲ್ಕು ದಿನ ಹಿಡೀತು. ಕೈಯೂ ಒಂದೇ ಸಮ ನಡುಗುತ್ತೆ. ಇನ್ನು ಮುಂದೆ ನರ್ಸಮ್ಮನ ಕೈಲಿ ಬರೆಸ್ತೀನಿ.

ಫೋನ್ ಮಾಡ್ತೀನಿ ಅಂತ ನಿಮ್ಮಮ್ಮ ಹೇಳಿ ಕಳಿಸಿದ್ದಳು. ಬೇಡ. ಫೋನಲ್ಲಿ ಚೆನ್ನಾಗಿದ್ದೀನಿ ಅನ್ನೋದು ಬಲು ಸುಲಭ. ನೀನು ಕಾಗದವೇ ಬರಿ.

ದೊಡ್ಡಪ್ಪ


ಫೆಬ್ರವರಿ 16

ಕಡ್ಡಿ ಮೀಟಿ ಕಾಲ ಹೇಳಬಲ್ಲ ಮಹಾಸ್ವಾಮಿಗಳ ಸನ್ನಿಧಾನಕ್ಕೆ,

ಅಪ್ಪಣೆಯಂತೆ ಮೀಸೆಯವರಿಗೆ ನಿಜ ಹೇಳಿದೆ. ಅವರು ನಂಬಲಿಲ್ಲ. ನಾನು ಅದನ್ನು ಬೇರೆ ಯಾರಿಗೋ ಮಾರಲು ಹೀಗೆ ಕಥೆ ಕಟ್ಟುತ್ತಿದ್ದೇನಂತೆ. ದಾದಿ ಎತ್ತರದವಳಿದ್ದಿರಬೇಕು, ರಿಮ್ಮಿನ ಅಳತೆಯೇ ಹೇಳುತ್ತದೆ ಅಂದರು. ನೀರಿನ ಡ್ರಮ್ಮಿನ ಗುರುತು ತೋರಿಸಿದೆ. ಅದು ಅರಮನೆಯ ಡ್ರಮ್ಮೇ ಇರಬಹುದಲ್ಲ ಅಂದರು. ಒಮ್ಮೆ ಹೊರಗೆ ಬಿಟ್ಟ ಸುಳ್ಳನ್ನು ವಾಪಸು ಕರೆದರೆ ಅದು ಬರುವುದಿಲ್ಲ ಎಂಬ ಜ್ಞಾನ ಈ ಪೀಠಕ್ಕೆ ಉಂಟಾಗಿದೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಆರು ಬೀದಿ ಆಚೆಗಿನ ಸೈಕಲ್ ಕ್ಲಬ್ಬಿನ ಹಳೆಯ ಕಟ್ಟಡ ಒಡೆಯುತ್ತಿದ್ದಾರೆ. ಅದರ ಉಗ್ರಾಣದಲ್ಲಿದ್ದ ಚಕ್ರಗಳನ್ನೆಲ್ಲ ಗುಜರಿಯವನು ಗಾಡಿಯಲ್ಲಿ ಹೇರಿಕೊಂಡು ಬಂದ. ಹನ್ನೊಂದರ ವಿಚಾರಣೆ ಹತ್ತೇ ನಿಮಿಷದಲ್ಲಿ ಮುಗಿಯಿತು, ಎಲ್ಲವೂ ಕರಗಿಸಲು ಯೋಗ್ಯ. ಹನ್ನೆರಡನೆಯ ಆರೋಪಿ ಮಾತ್ರ ವಿಶೇಷ. ಮುಂಚಕ್ರ. ರಿಮ್ಮು ಬಿಸಿಲಿಗೆ ಬಿದ್ದ ಗ್ರಾಮಫೋನ್ ತಟ್ಟೆಯಂತೆ ನಡುವೆ ಮಡಿಸಿಕೊಂಡಿದೆ. ಟೈರಿಲ್ಲ. ಬಟ್ಟೆಯ ರಿಮ್ ಟೇಪು ಮಾತ್ರ ಇನ್ನೂ ಬಿಗಿಯಾಗಿ ಸುತ್ತಿಕೊಂಡಿದೆ. ಐದು ಕಡ್ಡಿಗಳು ಅವನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲಿನಿಂದ ಕಿತ್ತು ಬಂದು ನೇತಾಡುತ್ತಿವೆ. ಇಪ್ಪತ್ತೇಳು ಎಂದು ಬರೆದ ರಟ್ಟಿನ ಬಿಲ್ಲೆಯೊಂದನ್ನು ದಾರದಲ್ಲಿ ಕಟ್ಟಿದ್ದಾರೆ.

ವಾಲ್ವಿನ ತೂತಿನಲ್ಲಿ ಕಣ್ಣಿಟ್ಟು ನೋಡಿದೆ. ಹಬ್ಬಿನ ಮೇಲಿನ ಹೆಸರು ನೇರ ಎದುರಿಗೆ ಕಂಡಿತು. ಇಷ್ಟು ಶಿಸ್ತಿನಿಂದ ಕಡ್ಡಿ ಹೆಣೆಯುವವರು ಈ ಊರಿನಲ್ಲಿ ಒಬ್ಬರೇ ಇದ್ದದ್ದು. ತಿರುಗಿಸಿದರೆ ಕಡ್ಡಿ ಸಿಕ್ಕಿಸುವ ಹಬ್ಬಿನ ಕಿವಿಯ ಮೇಲೆ ಮೂರು ಚುಕ್ಕೆಯ ಮುದ್ರೆ. ಆರೋಪಿಯು ತಮ್ಮದೇ ಸಂತಾನವೆಂದು ತಿಳಿಸಲು ಪೀಠಕ್ಕೆ ವಿಷಾದವಾಗುತ್ತದೆ.

ಹಬ್ಬನ್ನು ಬಿಚ್ಚಿ ಉಳಿಸಿಕೊಂಡು ಬಾಕಿಯದನ್ನು ಗುಜರಿಯವನಿಗೇ ಕೊಡಲೇ? ಅಪ್ಪಣೆಯಾಗಬೇಕು.

ಅಂದ ಹಾಗೆ, ಊಟಕ್ಕೆ ಕರೆಯಲು ಅಮ್ಮ ಮೆಟ್ಟಿಲಿಳಿದು ಬಾಗಿಲವರೆಗೆ ಬಂದಳು. ಬೆಂಚಿನ ಮೇಲೆ ಆ ಚಕ್ರ ಇತ್ತು. ನನ್ನನ್ನು ಕರೆಯದೆಯೇ ವಾಪಸು ಹತ್ತಿ ಹೋದಳು. ಏನು ಕೋಪವೋ.

ಇಂತಿ,
ಕೋತಿ, ಪ್ರಧಾನ ಚಕ್ರಪರೀಕ್ಷಕಿ


ಫೆಬ್ರವರಿ 23

ಕೋತೀ,

ಹಬ್ ಬಿಚ್ಚಬೇಡ. ಏನನ್ನೂ ಬಿಚ್ಚಬೇಡ. ಒಳಗಿನ ಗೋಡೆಯ ಮೊಳೆಗೆ ತೂಗುಹಾಕಿ ಬಿಡು.

ನಿಮ್ಮಮ್ಮನಿಗೆ ಕೋಪ ಅಲ್ಲ.

ಆಮೇಲೆ ಬರೀತೀನಿ.

ದೊಡ್ಡಪ್ಪ


ಮಾರ್ಚ್ 24

ಮಗಳೇ,

ನರ್ಸಮ್ಮ ಬರೀತಾ ಇದ್ದಾರೆ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ, ಚಂದ ಮಾಡೋಕೆ ಹೋಗಬೇಡಿ ಅಂದಿದ್ದೀನಿ. ಒಂದು ತಿಂಗಳಿಂದ ದಿನಾ ಶುರು ಮಾಡಿ ದಿನಾ ನಿಲ್ಲಿಸಿದೆ. ಅವರಿಗೂ ಬೇಜಾರಾಗಿದೆ.

ಇಪ್ಪತ್ತೇಳು ನಿಮ್ಮಪ್ಪನ ರೇಸಿನ ನಂಬರು.

ಇಳಿಜಾರಿನ ತಿರುವಿನಲ್ಲಿ ಬಿದ್ದು ತೀರಿಕೊಂಡ ಅಂತ ನಿನಗೆ ಗೊತ್ತು. ನಿನಗಾಗ ಮೂರು ವರ್ಷ. ಬೆಣಚುಕಲ್ಲಿನ ಮೇಲೆ ಜಾರಿದ ಅಂತ ಎಲ್ಲರೂ ಅಂದರು, ನಾನೂ ಹೌದು ಅಂದೆ. ಚಕ್ರ ಮೊದಲು ಕೈಕೊಟ್ಟಿತಾ, ಅವನು ಬಿದ್ದ ಮೇಲೆ ಚಕ್ರ ಮಡಚಿಕೊಂಡಿತಾ ಅಂತ ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನು.

ಹಿಂದಿನ ಸಂಜೆ ಬಂದು, ಅಣ್ಣಾ ಮುಂಚಕ್ರ ಹೊಸದಾಗಿ ಹೆಣೆದು ಕೊಡು, ಬೆಳಿಗ್ಗೆ ಏಳಕ್ಕೆ ರೇಸು ಅಂದ. ಬೆಂಚಿನ ಮೇಲೆ ಎರಡು ಕಟ್ಟು ಕಡ್ಡಿ ಇತ್ತು. ಒಂದು ಸರಿಯಾದ ಅಳತೇದು, ಇನ್ನೊಂದು ಮೂರು ಮಿಲಿಮೀಟರ್ ಗಿಡ್ಡ. ನಗಿಸ್ತಾ ಇದ್ದ, ನಿನ್ನ ಹಾಗೇ. ನನ್ನ ಮೊಣಕೈ ತಗುಲಿ ಎರಡೂ ಕಟ್ಟು ನೆಲಕ್ಕೆ ಬಿತ್ತು, ಬೆರೆತುಹೋಯ್ತು. ಒಂದೊಂದನ್ನೂ ಅಳತೆಪಟ್ಟಿಗೆ ಹಿಡೀಬೇಕಿತ್ತು. ಕಣ್ಣಂದಾಜಲ್ಲೇ ಬೇರೆ ಮಾಡಿದೆ. ಆಗ ನನ್ನ ಕಣ್ಣಿನ ಮೇಲೆ ನನಗೆ ಅಷ್ಟು ಜಂಬ.

ಗಿಡ್ಡ ಕಡ್ಡಿ ಸೇರಿಕೊಂಡರೂ ಚಕ್ರ ನೆಟ್ಟಗೇ ತಿರುಗುತ್ತೆ. ಮೀಟಿದರೆ ಸ್ವರವೂ ಸರಿಯಾಗೇ ಬರುತ್ತೆ. ಹೊರಗಿನಿಂದ ಗೊತ್ತೇ ಆಗಲ್ಲ. ಆದರೆ ನಿಪ್ಪಲ್ಲಿನ ಒಳಗೆ ತಿರುಪಿನ ಅರ್ಧ ಭಾಗ ಮಾತ್ರ ಕಚ್ಚಿಕೊಂಡಿರುತ್ತೆ. ಇಳಿಜಾರಲ್ಲಿ ಜೋರಾಗಿ ತಿರುಗಿಸಿದಾಗ ಕಿತ್ತುಕೊಂಡು ಬರುತ್ತೆ. ಐದು ಕಡ್ಡಿ ಕಿತ್ತಿದೆ ಅಂತ ನೀನು ಬರೆದೆ. ಬಿದ್ದ ಏಟಿಗೂ ಹಾಗೆ ಕೀಳಬಹುದು. ಗಿಡ್ಡ ಇದ್ದರೂ ಕೀಳಬಹುದು.

ಆ ಚಕ್ರ ಕ್ಲಬ್ಬಿನ ಉಗ್ರಾಣದಲ್ಲಿದೆ ಅಂತ ನನಗೆ ಗೊತ್ತಿತ್ತು. ಇಪ್ಪತ್ತೊಂದು ವರ್ಷ ಗೊತ್ತಿತ್ತು. ಆರು ಬೀದಿ. ಒಂದು ಸಲವೂ ಹೋಗಲಿಲ್ಲ. ಊರಿನವರ ಚಕ್ರಗಳಿಗೆಲ್ಲ ತೀರ್ಪು ಹೇಳಿಕೊಂಡು ಕೂತಿದ್ದೆ.

ಈಗ ನೀನು ನೋಡು. ಕಿತ್ತ ಐದನ್ನ ಅಳತೆಪಟ್ಟಿಗೆ ಹಿಡಿ. ಟೇಪು ಬಿಚ್ಚು. ಉಳಿದ ಮೂವತ್ತೊಂದು ಕಡ್ಡಿಗಳ ತುದಿ ಮೇಲಿನಿಂದ ಕಾಣುತ್ತೆ. ತುದಿ ನಿಪ್ಪಲ್ಲಿನ ತಲೆಯಲ್ಲಿರೋ ಸೀಳಿನ ಮಟ್ಟಕ್ಕೆ ಬಂದಿದ್ದರೆ ಸರಿಯಾದ ಕಡ್ಡಿ. ಗುಳಿ ಇದ್ದರೆ ಬೆಂಕಿಕಡ್ಡಿ ಇಳಿಬಿಟ್ಟು ನೋಡು, ಎಷ್ಟು ಇಳಿಯುತ್ತೆ ಅಂತ. ಅದರ ಮೇಲೆ ಉಗುರಲ್ಲಿ ಗುರುತು ಮಾಡಿಕೊಂಡು ಅಳೆದು ಬರೀ. ನಿನಗೆ ಹೇಳೋದು ನ್ಯಾಯ ಅಲ್ಲ, ಗೊತ್ತು. ಬೇರೆ ಯಾರ ಕಣ್ಣನ್ನೂ ನಂಬಲಾರೆ.

ತಿಳಿಯದೆ ಸಾಯೋಕೆ ನನಗೆ ಇಷ್ಟವಿಲ್ಲ. ಅಷ್ಟೇ ಕೇಳ್ತಿರೋದು.

ದೊಡ್ಡಪ್ಪ


ಏಪ್ರಿಲ್ 30

ಮಹಾಪೀಠಾಧಿಪತಿಗಳ ಸಮ್ಮುಖಕ್ಕೆ, ಹನ್ನೆರಡನೆಯ ಆರೋಪಿಯ ಮೊಕದ್ದಮೆಯ ಅಂತಿಮ ತೀರ್ಪು.

ತಡವಾದದ್ದಕ್ಕೆ ಕ್ಷಮೆ ಇರಲಿ. ಸಾಕ್ಷಿಗಳು ಮೂವತ್ತೊಂದು ಜನ. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕಟಕಟೆಗೆ ಕರೆಯಬೇಕಾಯಿತು.

ಬೆಳಗಿನ ಹತ್ತು ಗಂಟೆಗೆ, ಕಿಟಕಿಯ ಬೆಳಕಿನಲ್ಲಿ, ಆರೋಪಿಯನ್ನು ಬೆಂಚಿನ ಮೇಲೆ ಮಲಗಿಸಲಾಯಿತು. ಟೇಪು ಒಣಗಿ ಚರ್ಮದಂತಾಗಿತ್ತು. ಬಿಚ್ಚಿದಾಗ ರಿಮ್ಮಿನೊಳಗಿಂದ ಒಂದು ಚಮಚದಷ್ಟು ಕೆಂಪು ತುಕ್ಕು ಉದುರಿತು. ವಾಲ್ವಿನ ತೂತಿನಿಂದ ಶುರುಮಾಡಿ ಬಲಕ್ಕೆ ಸುತ್ತಿಕೊಂಡು ಬಂದೆ. ಒಂದನೆಯ ಸಾಕ್ಷಿ: ಕಡ್ಡಿಯ ತುದಿ ಸೀಳಿನ ಮಟ್ಟಕ್ಕೆ ಸರಿಸಮ. ಎರಡನೆಯದು: ಸರಿಸಮ. ಮೂರನೆಯದು: ಸರಿಸಮ. ಸನ್ನಿಧಾನಕ್ಕೆ ಬೇಸರವಾದೀತೆಂದು ಮಿಕ್ಕವರ ಹೇಳಿಕೆಗಳನ್ನು ಒಟ್ಟಿಗೆ ಸಲ್ಲಿಸುತ್ತಿದ್ದೇನೆ. ಮೂವತ್ತೊಂದಕ್ಕೆ ಮೂವತ್ತೊಂದೂ ಸರಿಸಮ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಬೆಂಕಿಕಡ್ಡಿಗೆ ಇಳಿಯಲು ಜಾಗವೇ ಸಿಗದೆ ಅದು ನಿರುದ್ಯೋಗಿಯಾಗಿ ಬೆಂಚಿನ ಮೇಲೆ ಬಿದ್ದಿತ್ತು. ಕಿತ್ತುಬಂದ ಐದು ಕಡ್ಡಿಗಳನ್ನು ಅಳತೆಪಟ್ಟಿಗೆ ಹಿಡಿದೆ. ಐದೂ ಸರಿಯಾದ ಅಳತೆಯವು.

ಆದಕಾರಣ, ಚಕ್ರವು ನಿರ್ದೋಷಿ. ಹೆಣೆದವರು ನಿರ್ದೋಷಿ. ಬೆಣಚುಕಲ್ಲು ಮಾತ್ರ ಅಪರಾಧಿ. ಅದು ತಲೆಮರೆಸಿಕೊಂಡಿದೆ.

ದೊಡ್ಡಪ್ಪಾ, ಇನ್ನು ಈ ವಿಷಯ ಬಿಟ್ಟುಬಿಡು.

ಇಂತಿ,
ನಿನ್ನ ಕೋತಿ


ಮೇ 15

ಮಗಳೇ,

ನಿನ್ನ ತೀರ್ಪನ್ನ ನರ್ಸಮ್ಮ ಮೂರು ಸಲ ಓದಿದರು. ಬೆಂಕಿಕಡ್ಡಿ ನಿರುದ್ಯೋಗಿ ಅನ್ನೋ ಕಡೆ ಮೂರು ಸಲವೂ ನಕ್ಕರು. ನಾನೂ ನಕ್ಕೆ.

ಐವತ್ತು ವರ್ಷ ಚಕ್ರ ಹೆಣೆದವನು ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಯಾವ ಚಕ್ರದಲ್ಲೂ ಎಲ್ಲಾ ಕಡ್ಡಿ ಒಂದೇ ಮಟ್ಟಕ್ಕೆ ಬರಲ್ಲ. ರಿಮ್ಮಿನ ಜೋಡಣೆಯ ಹತ್ತಿರ ಒಂದೆರಡನ್ನ ಅರ್ಧ ಸುತ್ತು ಜಾಸ್ತಿ ಬಿಗೀಬೇಕು, ಎದುರುಗಡೆ ಒಂದೆರಡನ್ನ ಸಡಿಲ ಬಿಡಬೇಕು. ಹಾಗೆ ಮಾಡಿದರೇ ಚಕ್ರ ನೆಟ್ಟಗಾಗೋದು. ತುದಿಗಳು ಮೇಲೆ ಕೆಳಗೆ ಇದ್ದೇ ಇರುತ್ತವೆ. ಅದೂ ಮಡಚಿಹೋದ ಚಕ್ರದಲ್ಲಿ. ಮೂವತ್ತೊಂದೂ ಸರಿಸಮ ಬರೋದು ಕಾಗದದ ಮೇಲಿನ ಚಕ್ರದಲ್ಲಿ ಮಾತ್ರ.

ಹಾಗಾದರೆ ನೀನು ನೋಡಿದ್ದೀಯ. ನೋಡಿದ್ದನ್ನ ನನಗೆ ಬರೆಯೋಕೆ ನಿನ್ನ ಕೈ ಬರಲಿಲ್ಲ. ಚಕ್ರ ಸರಿಯಾಗಿದ್ದಿದ್ದರೆ ಸುಳ್ಳು ಯಾಕೆ ಬೇಕಿತ್ತು?

ನನಗೆ ಉತ್ತರ ಸಿಕ್ತು. ಇದನ್ನೇ ನಾನು ಕೇಳಿದ್ದು, ಹಾಗಾಗಿ ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಅಪ್ಪನ ಜೀವ ಕಳೆದವನಿಗೆ ನೋವಾಗಬಾರದು ಅಂತ ನೀನು ಒಬ್ಬಳೇ ಬೆಂಚಿನ ಮುಂದೆ ಕೂತು ಅಷ್ಟನ್ನೂ ನೋಡಿ, ಆಮೇಲೆ ನಗಿಸೋ ಹಾಗೆ ಬರೆದೆಯಲ್ಲ. ಅದು ನನ್ನ ಕೈಲಿ ಆಗದೇ ಇದ್ದ ಕೆಲಸ. ನನಗೆ ಟೇಪು ಬಿಚ್ಚೋ ಧೈರ್ಯ ಇರಲಿಲ್ಲ. ನಿನಗಿತ್ತು.

ಆ ಧೈರ್ಯ ಇದ್ದವರೇ ಚಕ್ರ ನೋಡಬೇಕು. ಕಡ್ಡಿ ಬಿಗಿಯೋ ನನ್ನ ಸ್ಪೋಕ್ ಕೀ, ಮೂರು ಚುಕ್ಕೆಯ ಪಂಚು ಇಲ್ಲಿಗೆ ಬರುವಾಗ ಜೇಬಲ್ಲೇ ತಂದಿದ್ದೆ. ಇದರ ಜೊತೆ ಕಳಿಸ್ತಿದ್ದೀನಿ. ಇನ್ನು ಮುಂದೆ ನಿನ್ನ ಚಕ್ರಕ್ಕೆ ನೀನೇ ಮುದ್ರೆ ಹಾಕು.

ನಿಮ್ಮಮ್ಮನಿಗೆ ಹೇಳಬೇಕೋ ಬೇಡವೋ, ನಿನಗೆ ಬಿಟ್ಟದ್ದು. ಅವಳಿಗೆ ಮೊದಲಿಂದಲೂ ಗೊತ್ತು ಅಂತ ನನಗೆ ಅನ್ನಿಸುತ್ತೆ. ಇಪ್ಪತ್ತೊಂದು ವರ್ಷ ನನಗೆ ಊಟ ಬಡಿಸಿದಳು, ಒಂದು ದಿನವೂ ಅಂಗಡಿಯೊಳಗೆ ಕಾಲಿಡಲಿಲ್ಲ.

ದೊಡ್ಡಪ್ಪ


ಜೂನ್ 6

ತಂಗಿ,

ನಾನು ನರ್ಸಮ್ಮ. ಇದು ನನ್ನ ಸ್ವಂತ ಕಾಗದ. ಮೇ ಇಪ್ಪತ್ತೆಂಟರ ಬೆಳಿಗ್ಗೆ ನಿಮ್ಮ ದೊಡ್ಡಪ್ಪನವರಿಗೆ ಮೆದುಳಿಗೆ ಹೊಡೆತವಾಯಿತು. ಜೀವಕ್ಕೆ ಸದ್ಯ ಅಪಾಯವಿಲ್ಲ, ಆದರೆ ಮಾತು ನಿಂತಿದೆ. ನಾನು ಯಾರೆಂದು ಅವರಿಗೆ ತಿಳಿಯುತ್ತಿಲ್ಲ. ಇದು ಸುಧಾರಿಸುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ನಿಮಗೆ ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು.

ಹೊಡೆತವಾಗುವವರೆಗೆ ದಿನವೂ ನಿಮ್ಮ ಕಾಗದ ಬಂತೇ ಎಂದು ಕೇಳುತ್ತಿದ್ದರು. ಬರದಿದ್ದಾಗ, 'ಪೀಠಿಕೆ ಹುಡುಕ್ತಾ ಇರ್ತಾಳೆ' ಅನ್ನುತ್ತಿದ್ದರು.

ಬಲಗೈಯ ಎರಡು ಬೆರಳು ಮಾತ್ರ ಹೊದಿಕೆಯ ಅಂಚನ್ನು ಹಿಡಿದು ಯಾವಾಗಲೂ ನಿಧಾನವಾಗಿ ತಿರುಗಿಸುತ್ತಿರುತ್ತವೆ. ಕಣ್ಣು ಮುಚ್ಚಿರುತ್ತದೆ. ಅವರಿಗೆ ಏನಾದರೂ ಹೇಳುವುದಿದ್ದರೆ ಬರೆಯಿರಿ, ಕಿವಿಯ ಹತ್ತಿರ ಓದುತ್ತೇನೆ. ಕೇಳಿಸುತ್ತದೆ ಎಂದು ಮಾತು ಕೊಡಲಾರೆ.

ಇಂತಿ,
ಎರಡನೇ ಮಹಡಿಯ ನರ್ಸು


ಜೂನ್ 12

ದೊಡ್ಡಪ್ಪಾ,

ನೀನು ಹೇಳಿದ್ದು ನಿಜ. ಪೀಠಿಕೆ ಹುಡುಕುತ್ತಿದ್ದೆ. ನಿನ್ನ ಮೇ ತಿಂಗಳ ಕಾಗದ ನನ್ನ ಕೈ ಸೇರಿದ್ದು ಹದಿನೆಂಟಕ್ಕೆ. ಅವತ್ತೇ ಒಂದು ಸಾಲು ಗೀಚಿ ಹಾಕಿದ್ದರೆ ಇಪ್ಪತ್ತೆಂಟರೊಳಗೆ ನಿನಗೆ ಮುಟ್ಟುತ್ತಿತ್ತು. ನಾನು ಏಳು ಸಲ ಬರೆದೆ. ಒಂದರಲ್ಲಿ ನಿನ್ನನ್ನು ಚಕ್ರವರ್ತಿ ಎಂದು ಕರೆದೆ, ಇನ್ನೊಂದರಲ್ಲಿ ನನ್ನನ್ನು ಕೆಲಸದಿಂದ ವಜಾ ಮಾಡಿಕೊಂಡೆ. ನೀನು ನಕ್ಕರೆ ಮಾತ್ರ ಹೇಳಲು ಸಾಧ್ಯ ಎಂಬಂತೆ ಕೂತಿದ್ದೆ. ಇದಕ್ಕೆ ಬಿರುದು ಬಾವಲಿ ಏನೂ ಇಲ್ಲ. ಇದು ಎಂಟನೆಯದು.

ಪಂಚು, ಕೀ ಎರಡೂ ಬಂದಿವೆ. ಕೀಯ ಒಂದು ಮಗ್ಗುಲು ನಿನ್ನ ಹೆಬ್ಬೆರಳಿನ ಅಚ್ಚಿಗೆ ಸವೆದಿದೆ. ನನ್ನ ಬೆರಳು ಅದರೊಳಗೆ ಕೂರುವುದಿಲ್ಲ. ಪಂಚನ್ನು ಇನ್ನೂ ಯಾವುದರ ಮೇಲೂ ಒತ್ತಿಲ್ಲ.

ಅಮ್ಮ ಮೊನ್ನೆ ಅಂಗಡಿಯೊಳಗೆ ಬಂದಳು. ಮೊಳೆಯಲ್ಲಿದ್ದ ಚಕ್ರವನ್ನು ತಿರುಗಿಸಿ, ನಂಬರಿನ ಬಿಲ್ಲೆ ಗೋಡೆಗೆ ಮುಖ ಮಾಡುವಂತೆ ತೂಗುಹಾಕಿದಳು. ನೋಡಿದೆಯಾ ಅಂತ ಕೇಳಿದಳು. ಹೂಂ ಅಂದೆ. ಏನಂತೆ ಅಂತ ಕೇಳಲಿಲ್ಲ. ಬೆಂಚನ್ನು ಸೆರಗಿನಿಂದ ಒರೆಸಿ ಮೇಲೆ ಹೋದಳು. ಈಗ ಅವಳಿಗೂ ಒಂದು ಸುಳ್ಳು ಹೇಳಿದಂತಾಯಿತು.

ಮೀಸೆಯವರು ಹಟ ಹಿಡಿದು ಒಯ್ದ ಡ್ರಮ್ಮಿನ ರಿಮ್ಮನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರಂತೆ. ಅವರಿಗೆ ನಿಜ ಹೇಳಿದೆ, ನಂಬಲಿಲ್ಲ. ನಿನಗೆ ಹೇಳುತ್ತಿದ್ದೇನೆ, ಕೇಳಿಸುತ್ತಿಲ್ಲ.

ನರ್ಸಮ್ಮಾ, ಇನ್ನೊಂದು ಸ್ವಲ್ಪ ಜೋರಾಗಿ ಓದಿ, ಬಲಗಿವಿಯ ಹತ್ತಿರ, ಎಡದ್ದು ಅವನಿಗೆ ಮೊದಲಿನಿಂದಲೂ ಮಂದ.

ದೊಡ್ಡಪ್ಪಾ, ನಿನಗೆ ಉತ್ತರ ಸಿಕ್ಕಿಲ್ಲ. ನಾನು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಕಿಟಕಿಯ ಬೆಳಕು, ಒಂದು ಚಮಚ ತುಕ್ಕು, ಬೆಂಕಿಕಡ್ಡಿ, ಎಲ್ಲವನ್ನೂ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬರೆದದ್ದು. ಚಕ್ರವನ್ನು ಮೊಳೆಯಿಂದ ನಾನು ಇಳಿಸಲೇ ಇಲ್ಲ. ಟೇಪು ಬಿಚ್ಚಲಿಲ್ಲ. ಈ ಕಾಗದ ಬರೆಯುವಾಗಲೂ ಬಿಚ್ಚಿಲ್ಲ.

ಕೋತಿ